ಮಗಳ ಲ್ಯಾಪ್‌ಟಾಪು, ತಾಯಿಯ ಬಳೆ

ಡಿಸೈನ್ ಓದುವ ಮಕ್ಕಳಿರುವ ಮನೆಗೆ ಒಂದಿಷ್ಟು ಕಿವಿಮಾತು

ಚಿನ್ನ ಕೊಳ್ಳುವಾಗ ಒರೆಗೆ ಹಚ್ಚಿ ನೋಡಿಸುತ್ತೀರಿ. ಸೀರೆ ಕೊಳ್ಳುವಾಗ ಅಂಗಡಿಯ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿಯುತ್ತೀರಿ. ಬದನೆಕಾಯಿಯನ್ನೂ ತಿರುಗಿಸಿ ಮುರುಗಿಸಿ ಹುಳುಕು ನೋಡದೆ ಚೀಲಕ್ಕೆ ಹಾಕುವವರಲ್ಲ ನಾವು. ಹಾಗಿದ್ದ ಮೇಲೆ ಅರವತ್ತು ಎಪ್ಪತ್ತು ಸಾವಿರ ರೂಪಾಯಿಯ ಲ್ಯಾಪ್‌ಟಾಪನ್ನು ಮಾತ್ರ ಅಂಗಡಿಯ ಹುಡುಗ ಹೇಳಿದ ಎರಡು ಮಾತು ನಂಬಿ ತಂದುಬಿಡುತ್ತೇವಲ್ಲ, ಯಾಕೆ? ‘ಅದೆಲ್ಲ ನಮಗೆಲ್ಲಿ ತಿಳಿಯುತ್ತೆ!’ ಎಂಬ ಸಂಕೋಚ, ಅಷ್ಟೆ.

ಸೋದರಿಯರೇ, ಆ ಸಂಕೋಚಕ್ಕೆ ನಾನು ಕೊಟ್ಟ ಬೆಲೆ ನನ್ನ ತವರಿನ ಎರಡು ಬಳೆ. ನಿಮಗೆ ಹಾಗಾಗದಿರಲಿ ಎಂದೇ ಈ ಲೇಖನ.

2023ರಲ್ಲಿ ನನ್ನ ಮಗಳಿಗೆ ಡಿಸೈನ್ ಪದವಿಗೆ ಸೀಟು ಸಿಕ್ಕಿತು. ನಮ್ಮದು ನಂಜನಗೂಡು. ಯಜಮಾನರಿಗೆ ಮಗಳು ಇಂಜಿನಿಯರಿಂಗ್ ಓದಲಿ ಎಂಬ ಆಸೆ. ‘ಚಿತ್ರ ಬರೆಯೋದಕ್ಕೂ ಒಂದು ಡಿಗ್ರೀನಾ?’ ಎಂದು ಒಂದು ವಾರ ಮಾತು ಬಿಟ್ಟರು. ನಾನೇ ಹಟ ಹಿಡಿದು ಸೇರಿಸಿದೆ. ಲ್ಯಾಪ್‌ಟಾಪ್ ಬೇಕೆಂದಾಗ ಅವರ ಹತ್ತಿರ ಕೇಳಲು ಬಾಯಿ ಬರಲಿಲ್ಲ. ಬಳೆ ಗಿರವಿ ಇಟ್ಟು 42 ಸಾವಿರಕ್ಕೆ ಒಂದನ್ನು ತಂದೆ. ಅಂಗಡಿಯವನು ‘ಸ್ಟೂಡೆಂಟ್‌ಗೆ ಇದು ಧಾರಾಳವಾಯ್ತು ಮೇಡಂ’ ಅಂದ. ತೆಳ್ಳಗೆ, ಬೆಳ್ಳಗೆ, ನೋಡಲು ಚೆಂದವಾಗಿತ್ತು. ತಂದು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದೆ.

ಎರಡನೇ ಸೆಮಿಸ್ಟರ್ ಬರುವ ಹೊತ್ತಿಗೆ ಬಣ್ಣ ಬಯಲಾಯಿತು. ಫೋಟೋಶಾಪ್ ಮತ್ತು ಇಲಸ್ಟ್ರೇಟರ್ ಎರಡನ್ನೂ ಒಟ್ಟಿಗೆ ತೆರೆದರೆ ಯಂತ್ರ ನಿಂತೇಹೋಗುತ್ತಿತ್ತು. ನಮ್ಮೂರಿನ ರಸಬಾಳೆಯ ಬಗ್ಗೆ ಅವಳೊಂದು ಪೋಸ್ಟರ್ ಮಾಡಿದ್ದಳು. ಪರದೆಯ ಮೇಲೆ ಹಣ್ಣಿನ ಹಳದಿ ಪೇಲವವಾಗಿ ಕಂಡಿತೆಂದು ಬಣ್ಣ ಏರಿಸುತ್ತಾ ಹೋದಳು. ಮೈಸೂರಿನಲ್ಲಿ ಅಚ್ಚು ಹಾಕಿಸಿ ನೋಡಿದರೆ ರಸಬಾಳೆ ಕಿತ್ತಳೆ ಹಣ್ಣಾಗಿತ್ತು! ತರಗತಿಯಲ್ಲಿ ಎಲ್ಲರೂ ನಕ್ಕರಂತೆ. ಆ ರಾತ್ರಿ ಊಟ ಬಿಟ್ಟು ಮಲಗಿದವಳು, ‘ಅಮ್ಮಾ, ನನಗೆ ಇದು ಬರಲ್ಲ ಕಣಮ್ಮ, ಬಿಟ್ಬಿಡ್ತೀನಿ’ ಅಂದಳು. ಯಜಮಾನರು ಪೇಪರಿನಿಂದ ತಲೆ ಎತ್ತದೆಯೇ, ‘ನಾನು ಆಗಲೇ ಹೇಳಿರಲಿಲ್ವಾ’ ಅಂದರು.

ಬರದೆ ಇದ್ದದ್ದು ಅವಳಿಗಲ್ಲ, ನಾನು ತಂದುಕೊಟ್ಟ ಯಂತ್ರಕ್ಕೆ. ಅದು ಗೊತ್ತಾಗಲು ನಮಗೆ ಮತ್ತೂ ಆರು ತಿಂಗಳು ಹಿಡಿಯಿತು. ಎರಡನೇ ವರ್ಷದಲ್ಲಿ ಬೇರೆ ಕೊಡಿಸಿದೆವು. ಹಳೆಯದು 14 ಸಾವಿರಕ್ಕೆ ಹೋಯಿತು. ಉಳಿದ 28 ಸಾವಿರ ನೀರಿಗೆ ಹೋಯಿತೆಂದೇ ಲೆಕ್ಕ.

ಕಳೆದ 2025ರಲ್ಲಿ ತಿ. ನರಸೀಪುರದಲ್ಲಿರುವ ನನ್ನ ತಂಗಿ ಫೋನ್ ಮಾಡಿದಳು. ‘ಅಕ್ಕಾ, ನಮ್ಮ ಹುಡುಗಿಗೂ ಡಿಸೈನ್ ಸೀಟೇ ಸಿಕ್ತು. ಲ್ಯಾಪ್‌ಟಾಪ್ ಯಾವುದು ತಗೊಳ್ಳೋದೇ? ನೀನು ಪಟ್ಟ ಪಾಡು ನಾನು ಪಡೋಕಾಗಲ್ಲ.’ ಈ ಸಲ ನಾವಿಬ್ಬರೂ ಸೀರೆ ಕೊಳ್ಳುವಷ್ಟೇ ನಿಧಾನವಾಗಿ ಕೊಂಡೆವು. ಹೇಗೆಂದು ಹೇಳುತ್ತೇನೆ, ಕೇಳಿ.

ಡಿಸೈನ್ ಅಂದರೆ ಏನು?

ಮೊದಲು ಇದು ನಮಗೆ ತಿಳಿದಿರಬೇಕು. ನಂಜನಗೂಡಿನ ಹಲ್ಲುಪುಡಿ ಗೊತ್ತಲ್ಲ? ಬಿ. ವಿ. ಪಂಡಿತರು 1913ರಲ್ಲಿ ತೆರೆದ ಸದ್ವೈದ್ಯಶಾಲೆಯದು. ಆ ಪೊಟ್ಟಣ ಇಷ್ಟೇ ಅಗಲ ಇರಲಿ, ಹೆಸರು ಇಂಥ ಅಕ್ಷರದಲ್ಲಿರಲಿ, ಓದು ಬಾರದವರೂ ನೋಡಿ ಗುರುತು ಹಿಡಿಯಲಿ ಎಂದು ಯಾರೋ ಕುಳಿತು ಯೋಚಿಸಿದ್ದಾರೆ. ಅದೇ ಡಿಸೈನ್. ಕುಕ್ಕರಿನ ಹಿಡಿ ಕೈಗೆ ಸುಡದಂತೆ ಮಾಡುವುದೂ ಡಿಸೈನ್, ಬ್ಯಾಂಕಿನ ಆ್ಯಪ್‌ನಲ್ಲಿ ಗುಂಡಿ ಎಲ್ಲಿರಬೇಕೆಂದು ಇಡುವುದೂ ಡಿಸೈನ್, ಸೀರೆಯ ಅಂಚು ಹಾಕುವುದೂ ಡಿಸೈನ್. ಅಷ್ಟೇಕೆ, ಮಡಚುವ ಲ್ಯಾಪ್‌ಟಾಪಿನ ರೂಪವೂ ಒಬ್ಬ ಡಿಸೈನರ್ ಕೊಟ್ಟದ್ದೇ. 1982ರಲ್ಲಿ ಮಾರುಕಟ್ಟೆಗೆ ಬಂದ ಗ್ರಿಡ್ ಕಂಪಾಸ್ ಎಂಬ ಯಂತ್ರಕ್ಕೆ ಬಿಲ್ ಮಾಗ್ರಿಜ್ ಎಂಬ ಇಂಗ್ಲಿಷ್ ವಿನ್ಯಾಸಕಾರ ಆ ರೂಪ ಕೊಟ್ಟ. ಅದರ ತೂಕ ಸುಮಾರು ಐದು ಕಿಲೋ!

ಹೀಗಾಗಿ ‘ಡಿಸೈನ್ ಸ್ಟೂಡೆಂಟ್‌ಗೆ ಯಾವ ಲ್ಯಾಪ್‌ಟಾಪ್ ಒಳ್ಳೇದು?’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ಡಿಸೈನ್ ಎಂಬುದೇ ಮುಖ್ಯ. ನನ್ನ ಮಗಳದು ಸಂವಹನ ವಿನ್ಯಾಸ, ಅಂದರೆ ಪೋಸ್ಟರು, ಪುಸ್ತಕ, ಅಕ್ಷರ, ಚಿತ್ರ. ತಂಗಿಯ ಮಗಳದು ಉತ್ಪನ್ನ ವಿನ್ಯಾಸ, ಅಂದರೆ ಕುರ್ಚಿ, ಪಾತ್ರೆ, ಯಂತ್ರಗಳನ್ನು ಕಂಪ್ಯೂಟರಿನಲ್ಲೇ ಎಲ್ಲ ಕಡೆಯಿಂದ ತಿರುಗಿಸಿ ನೋಡುವ ಹಾಗೆ ಕಟ್ಟುವ ಕೆಲಸ. ಮೊದಲನೆಯವಳಿಗೆ ಬಣ್ಣ ಸರಿಯಿರುವ ಪರದೆ ಮುಖ್ಯ. ಎರಡನೆಯವಳಿಗೆ ಅದರ ಜೊತೆಗೆ ಯಂತ್ರದ ಕಸುವೂ ಬೇಕು.

ಅವಸರ ಬೇಡ

ಫೀಸು ಕಟ್ಟಿದ ಮರುದಿನವೇ ಅಂಗಡಿಗೆ ಓಡಬೇಡಿ. ನಾನು ಮಾಡಿದ ಮೊದಲ ತಪ್ಪು ಅದೇ. ಬಹಳಷ್ಟು ಡಿಸೈನ್ ಕಾಲೇಜುಗಳಲ್ಲಿ ಮೊದಲ ಕೆಲವು ತಿಂಗಳು ಕಾಗದ, ಪೆನ್ಸಿಲು, ಬಣ್ಣ, ಜೇಡಿಮಣ್ಣು, ರಟ್ಟು ಇವುಗಳಲ್ಲೇ ಕೆಲಸ. ಮೊದಲು ಕೈ ಪಳಗಬೇಕು, ಆಮೇಲೆ ಕಂಪ್ಯೂಟರ್. ಆದ್ದರಿಂದ ಕಾಲೇಜಿಗೆ ಬರೆದು ಅಥವಾ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ:

ಲ್ಯಾಪ್‌ಟಾಪ್ ಯಾವ ಸೆಮಿಸ್ಟರಿನಿಂದ ಬೇಕು?

ನಾಲ್ಕು ವರ್ಷದಲ್ಲಿ ಯಾವ ಯಾವ ಸಾಫ್ಟ್‌ವೇರ್ ಕಲಿಸುತ್ತೀರಿ?

ಸಾಫ್ಟ್‌ವೇರಿನ ಲೈಸೆನ್ಸ್ ಕಾಲೇಜಿನಿಂದ ಸಿಗುತ್ತದೆಯೇ, ನಾವೇ ಕೊಳ್ಳಬೇಕೇ?

ಉತ್ತರ ಬರಹದಲ್ಲಿ ಬಂದರೆ ಇನ್ನೂ ಒಳ್ಳೆಯದು. ಸಾಲಕ್ಕೆ ಹೋದಾಗಲೂ ಉಪಯೋಗಕ್ಕೆ ಬರುತ್ತದೆ. ಜೊತೆಗೆ ಮೂರನೇ ವರ್ಷದಲ್ಲಿ ಓದುವ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಹುಡುಕಿ ಮಾತಾಡಿಸಿ. ಪ್ರಾಸ್ಪೆಕ್ಟಸ್‌ನಲ್ಲಿ ಇಲ್ಲದ ಸತ್ಯ ಅವರ ಬಾಯಲ್ಲಿರುತ್ತದೆ. ತಂಗಿಯ ಮಗಳಿಗೆ ಹಾಗೆ ಕೇಳಿದಾಗಲೇ, ಎರಡನೇ ಸೆಮಿಸ್ಟರ್‌ವರೆಗೆ ಅವಸರವಿಲ್ಲ, ಆದರೆ ಸಾಲಿಡ್‌ವರ್ಕ್ಸ್ ಬೇಕೇ ಬೇಕು ಎಂದು ಗೊತ್ತಾದದ್ದು. ದಸರಾ ರಿಯಾಯಿತಿಯವರೆಗೆ ಕಾಯಲು ಧೈರ್ಯ ಬಂತು.

ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ

ಲ್ಯಾಪ್‌ಟಾಪಿನ ಒಳಗಿರುವುದನ್ನು ನಮ್ಮ ಅಡುಗೆಮನೆಗೆ ಹೋಲಿಸಿಕೊಂಡರೆ ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ.

ಪ್ರೊಸೆಸರ್ ಎಂದರೆ ಒಲೆ. ಉರಿ ಚೆನ್ನಾಗಿದ್ದರೆ ಬೇಗ ಬೇಯುತ್ತದೆ. ಇಂಟೆಲ್ ಕಂಪನಿಯದಾದರೆ ಐ5 ಅಥವಾ ಈಚಿನ ಕೋರ್ ಅಲ್ಟ್ರಾ 5, ಎಎಂಡಿಯದಾದರೆ ರೈಜೆನ್ 5. ಇದಕ್ಕಿಂತ ಕೆಳಗೆ ಇಳಿಯಬೇಡಿ. ‘ಇದು ಐ7 ಮೇಡಂ’ ಎಂದಾಕ್ಷಣ ಮರುಳಾಗಲೂ ಬೇಡಿ. ಹಳೆಯ ತಲೆಮಾರಿನ ಐ7ಗಿಂತ ಹೊಸ ತಲೆಮಾರಿನ ಐ5 ಚುರುಕಾಗಿರುವುದುಂಟು. ಎಷ್ಟನೇ ತಲೆಮಾರು ಎಂದು ಕೇಳಿ. ಹೆಸರಿನ ಕೊನೆಯಲ್ಲಿ ‘ಯು’ ಅಕ್ಷರವಿದ್ದರೆ ಕರೆಂಟ್ ಕಡಿಮೆ ತಿನ್ನುವ ಸಣ್ಣ ಉರಿ, ‘ಎಚ್’ ಇದ್ದರೆ ದೊಡ್ಡ ಉರಿ. ಭಾರದ ಕೆಲಸಕ್ಕೆ ಎಚ್ ವಾಸಿ.

ರ‍್ಯಾಮ್ ಎಂದರೆ ಅಡುಗೆ ಕಟ್ಟೆ. ಕಟ್ಟೆ ಚಿಕ್ಕದಿದ್ದರೆ ತರಕಾರಿ ಹೆಚ್ಚಲು ಹಿಟ್ಟಿನ ಪಾತ್ರೆ ಕೆಳಗಿಡಬೇಕು, ಹಿಟ್ಟು ನಾದಲು ತರಕಾರಿ ಕೆಳಗಿಡಬೇಕು. ನನ್ನ ಮಗಳ ಯಂತ್ರ ನಿಂತುಹೋಗುತ್ತಿದ್ದುದು ಇದಕ್ಕೇ. ಅದರಲ್ಲಿದ್ದದ್ದು 8 ಜಿಬಿ. ಫೋಟೋಶಾಪ್ ಮಾಡುವ ಕಂಪನಿಯೇ 8 ಜಿಬಿ ಕನಿಷ್ಠ, 16 ಜಿಬಿ ಇದ್ದರೆ ಒಳ್ಳೆಯದು ಎನ್ನುತ್ತದೆ. ಡಿಸೈನ್ ಓದಿಗೆ 16 ಜಿಬಿಯೇ ಕನಿಷ್ಠ ಎಂದಿಟ್ಟುಕೊಳ್ಳಿ. ವಿಡಿಯೋ, ಅನಿಮೇಷನ್, ತ್ರೀಡಿ ಕೆಲಸಕ್ಕೆ 32 ಇದ್ದರೆ ನಿಶ್ಚಿಂತೆ. ಇಲ್ಲೊಂದು ಮುಖ್ಯವಾದ ಮಾತು: ‘ಮುಂದೆ ಹೆಚ್ಚಿಸಬಹುದಾ?’ ಎಂದು ಕೇಳಿ. ಎಷ್ಟೋ ತೆಳ್ಳನೆಯ ಯಂತ್ರಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಆಮೇಲೆ ಏನೂ ಮಾಡುವ ಹಾಗಿಲ್ಲ. ನಮ್ಮದು ಅಂಥದ್ದೇ ಆಗಿತ್ತು. ಖಾಲಿ ಸ್ಲಾಟ್ ಇದ್ದರೆ ಈಗ 16 ತೆಗೆದುಕೊಂಡು ಕೈಯಲ್ಲಿ ದುಡ್ಡಾದಾಗ ಸೇರಿಸಬಹುದು. ಆದರೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ಜಗತ್ತಿನಲ್ಲೆಲ್ಲ ಏರಿದೆ ಎಂಬುದೂ ನೆನಪಿರಲಿ.

ಎಸ್‌ಎಸ್‌ಡಿ ಎಂದರೆ ಉಗ್ರಾಣ. ಕನಿಷ್ಠ 512 ಜಿಬಿ. ಒಂದು ಟಿಬಿ ಇದ್ದರೆ ಸಲೀಸು. ಒಳಗೆ ತಿರುಗುವ ಹಳೇ ಹಾರ್ಡ್‌ಡಿಸ್ಕ್ ಮಾತ್ರ ಇರುವ ಯಂತ್ರವನ್ನು ಬಿಟ್ಟಿ ಕೊಟ್ಟರೂ ಬೇಡ.

ಗ್ರಾಫಿಕ್ಸ್ ಕಾರ್ಡ್ ಎಂದರೆ ರುಬ್ಬುವ ಗ್ರೈಂಡರ್. ದಿನದ ಚಟ್ನಿಗೆ ಮಿಕ್ಸಿ ಸಾಕು. ಅದು ಪ್ರೊಸೆಸರಿನೊಳಗೇ ಬಂದಿರುತ್ತದೆ. ಪೋಸ್ಟರು, ಪುಸ್ತಕ, ಆ್ಯಪ್ ವಿನ್ಯಾಸಕ್ಕೆ ಅಷ್ಟು ಸಾಕು. ಆದರೆ ಮದುವೆ ಮನೆಗೆ ಇಡ್ಲಿ ಹಿಟ್ಟು ರುಬ್ಬುವುದಿದ್ದರೆ? ಉತ್ಪನ್ನ ವಿನ್ಯಾಸ, ಒಳಾಂಗಣ ವಿನ್ಯಾಸ, ಅನಿಮೇಷನ್, ಆಟಗಳ ವಿನ್ಯಾಸ ಓದುವವರಿಗೆ ಪ್ರತ್ಯೇಕ ಕಾರ್ಡ್ ಬೇಕು. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ ಸಾಲಿನಲ್ಲಿ 4050 ಎಂಬುದಕ್ಕೆ 6 ಜಿಬಿ, 4060ಕ್ಕೆ 8 ಜಿಬಿ ಸ್ವಂತ ಮೆಮೊರಿ ಇರುತ್ತದೆ. ವಿದ್ಯಾರ್ಥಿಗೆ ಇಷ್ಟು ಸಾಕು.

ಪರದೆಯನ್ನು ಸೀರೆಯಂತೆ ನೋಡಿ

ಅಂಗಡಿಯವರು ಹೇಳದೇ ಬಿಡುವುದು, ನಾವು ಕೇಳದೇ ಬಿಡುವುದು ಪರದೆಯ ವಿಚಾರ. ನನ್ನ ಮಗಳ ರಸಬಾಳೆ ಕಿತ್ತಳೆಯಾದದ್ದು ಇದರಿಂದಲೇ.

ಅಗ್ಗದ ಲ್ಯಾಪ್‌ಟಾಪುಗಳ ವಿವರದಲ್ಲಿ ‘45 ಶೇಕಡಾ ಎನ್‌ಟಿಎಸ್‌ಸಿ’ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಅಂದರೆ ಕಂಪ್ಯೂಟರ್ ಪರದೆ ತೋರಿಸಬೇಕಾದ ಬಣ್ಣಗಳಲ್ಲಿ ಹೆಚ್ಚು ಕಡಿಮೆ ಮೂರನೇ ಒಂದು ಭಾಗವನ್ನು ಅದು ತೋರಿಸುವುದೇ ಇಲ್ಲ. ಪತ್ರ ಬರೆಯಲು, ಸಿನಿಮಾ ನೋಡಲು ಪರವಾಗಿಲ್ಲ. ಬಣ್ಣವನ್ನೇ ಓದುವ ಹುಡುಗಿಗೆ ಅದು ಮಸುಕು ಕನ್ನಡಕ ಕೊಟ್ಟಂತೆ. ನೀವು ಕೇಳಬೇಕಾದದ್ದು ‘ನೂರು ಶೇಕಡಾ ಎಸ್‌ಆರ್‌ಜಿಬಿ’ ಎಂಬ ಮಾತು. ಹೊಳಪು 300 ನಿಟ್ಸ್ ಅಥವಾ ಅದಕ್ಕಿಂತ ಹೆಚ್ಚಿರಲಿ. ಒಳ್ಳೆ ಪರದೆಯಿದ್ದರೂ ಅಚ್ಚಾದಾಗ ಬಣ್ಣ ಸ್ವಲ್ಪ ಬದಲಾಗುವುದು ಸಹಜ, ಏಕೆಂದರೆ ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ಸು ಶಾಯಿಯಿಂದ. ಆದರೆ ಸರಿಯಾದ ಪರದೆಯಿದ್ದರೆ ಎಷ್ಟು ಬದಲಾಗುತ್ತದೆ ಎಂಬ ಅಂದಾಜು ಮಕ್ಕಳಿಗೆ ಸಿಗುತ್ತದೆ.

ಇದನ್ನು ಅಂಗಡಿಯಲ್ಲಿ ಪರೀಕ್ಷಿಸುವುದು ಹೇಗೆ? ತಂಗಿ ಕಂಡುಹಿಡಿದ ಉಪಾಯ ಕೇಳಿ. ಅವಳ ಮಾವನವರು ತಿ. ನರಸೀಪುರದ ಸರ್ಕಾರಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿದ್ದವರು. ಮೈಸೂರಿನಲ್ಲಿ 1912ರಲ್ಲಿ ಶುರುವಾದ ರೇಷ್ಮೆ ನೇಯ್ಗೆ ಕಾರ್ಖಾನೆಗೆ ಅಲ್ಲಿಂದ ನೂಲು ಹೋಗುತ್ತದೆ. ‘ನೂಲು ನೋಡದೆ ಸೀರೆ ಬೆಲೆ ಕಟ್ಟಬೇಡಿ’ ಎನ್ನುವವರು ಅವರು. ತಂಗಿ ತನ್ನ ಮೈಸೂರು ಸಿಲ್ಕ್ ಸೀರೆಯ ಫೋಟೋವನ್ನು ಹಗಲು ಬೆಳಕಿನಲ್ಲಿ ತೆಗೆದು ಪೆನ್‌ಡ್ರೈವಿಗೆ ಹಾಕಿಕೊಂಡಳು. ಸೀರೆಯನ್ನೂ ಚೀಲದಲ್ಲಿಟ್ಟುಕೊಂಡಳು. ಅಂಗಡಿಯಲ್ಲಿ ಅದೇ ಫೋಟೋವನ್ನು ಮೂರು ಯಂತ್ರಗಳಲ್ಲಿ ಅಕ್ಕಪಕ್ಕ ತೆರೆಸಿ, ಸೀರೆ ಹಿಡಿದು ನೋಡಿದಳು. ಒಂದರಲ್ಲಿ ಕುಂಕುಮ ಕೆಂಪು ಇಟ್ಟಿಗೆ ಬಣ್ಣವಾಗಿತ್ತು. ಮೊದಲು ನಗುತ್ತಿದ್ದ ಅಂಗಡಿ ಹುಡುಗ ಆಮೇಲೆ ತಾನೂ ಬಗ್ಗಿ ನೋಡತೊಡಗಿದ! ಇದು ಪ್ರಯೋಗಾಲಯದ ಪರೀಕ್ಷೆಯಲ್ಲ, ನಿಜ. ಆದರೆ ಹೋಲಿಕೆಗೆ ನಮ್ಮ ಕಣ್ಣಿಗಿಂತ ಬೇರೆ ಸಾಧನ ಬೇಡ. ಪರದೆಯನ್ನು ಎಡಕ್ಕೆ ಬಲಕ್ಕೆ ಸರಿದೂ ನೋಡಿ. ಬದಿಯಿಂದ ನೋಡಿದಾಗ ಬಣ್ಣ ಬದಲಾದರೆ ಅದು ಬೇಡ.

ವಿಂಡೋಸೋ, ಆ್ಯಪಲ್ಲೋ?

‘ಡಿಸೈನ್‌ನವರೆಲ್ಲ ಮ್ಯಾಕೇ ಇಟ್ಕೋತಾರಮ್ಮ’ ಎಂದು ಮಕ್ಕಳು ಹೇಳುವುದುಂಟು. ಮ್ಯಾಕ್‌ಬುಕ್ ಒಳ್ಳೆಯ ಯಂತ್ರವೇ. ಪರದೆ ಚೆಂದ, ಬ್ಯಾಟರಿ ದಿನವಿಡೀ ಬರುತ್ತದೆ, 13 ಅಂಗುಲದ ಏರ್ ಮಾದರಿಯ ತೂಕ ಒಂದೂಕಾಲು ಕಿಲೋ ಅಷ್ಟೆ. ವಿದ್ಯಾರ್ಥಿಗಳಿಗೆ ಬೆಲೆಯಲ್ಲಿ ರಿಯಾಯಿತಿಯೂ ಉಂಟು. 2024ರ ಅಕ್ಟೋಬರಿನಿಂದ ಏರ್ ಮಾದರಿಗಳು 16 ಜಿಬಿಯಿಂದಲೇ ಶುರುವಾಗಿವೆ. ಅದಕ್ಕೂ ಹಿಂದಿನ 8 ಜಿಬಿ ಯಂತ್ರವನ್ನು ಅಗ್ಗಕ್ಕೆ ಕೊಟ್ಟರೆ ಮೋಸಹೋಗಬೇಡಿ, ಅದರಲ್ಲಿ ರ‍್ಯಾಮ್ ಹೆಚ್ಚಿಸಲು ಬರುವುದಿಲ್ಲ.

ಆದರೆ ಸಾಲಿಡ್‌ವರ್ಕ್ಸ್, ತ್ರೀಡಿಎಸ್ ಮ್ಯಾಕ್ಸ್, ರೆವಿಟ್ ಎಂಬ ಸಾಫ್ಟ್‌ವೇರುಗಳಿಗೆ ವಿಂಡೋಸೇ ಬೇಕು. ತಂಗಿಯ ಮಗಳ ಕಾಲೇಜಿನ ಪಟ್ಟಿಯಲ್ಲಿ ಮೊದಲನೆಯದೇ ಇದ್ದುದರಿಂದ ನಮ್ಮ ಮನೆಯಲ್ಲಿ ಈ ಜಗಳ ಐದು ನಿಮಿಷದಲ್ಲಿ ಮುಗಿಯಿತು. ಇದಕ್ಕೇ ನಾನು ಪಟ್ಟಿ ಮೊದಲು ಕೇಳಿ ಎಂದದ್ದು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇನ್ನೊಂದು ವಿಷಯ ಗಮನಿಸಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ಮುಂದಿನದು ಬೇಕು. ಅದಕ್ಕಿಂತ ಹಳೆಯದನ್ನು ಈಗ ಅಗ್ಗಕ್ಕೆ ಸಾಗಹಾಕುವವರಿದ್ದಾರೆ, ಎಚ್ಚರ.

ತೂಕ, ಕರೆಂಟು, ಬಸ್ಸು

ಗ್ರಾಫಿಕ್ಸ್ ಕಾರ್ಡಿನ ಯಂತ್ರಗಳು ಎರಡೂಕಾಲು ಕಿಲೋ ತೂಗುತ್ತವೆ. ಅದರ ಚಾರ್ಜರ್ ಇನ್ನೊಂದು ಅರ್ಧ ಕಿಲೋ. ಇದರ ಮೇಲೆ ನಕ್ಷೆ ಪುಸ್ತಕ, ಊಟದ ಡಬ್ಬಿ, ನೀರು. ನಂಜನಗೂಡಿನಿಂದ ಮೈಸೂರಿಗೆ ಇಪ್ಪತ್ತೈದು ಕಿಲೋಮೀಟರಿನ ಹತ್ತಿರ, ನರಸೀಪುರದಿಂದ ಮೂವತ್ತರ ಆಸುಪಾಸು. ದಿನವೂ ಬಸ್ಸಿನಲ್ಲಿ ನಿಂತು ಓಡಾಡುವ ಹುಡುಗಿಯ ಬೆನ್ನಿನ ಬಗ್ಗೆ ಯೋಚಿಸಿ. ಹಾಸ್ಟೆಲಿನಲ್ಲಿರುವವಳಿಗೆ ಭಾರದ್ದು ನಡೆದೀತು, ಓಡಾಡುವವಳಿಗೆ ಆದಷ್ಟೂ ಹಗುರದ್ದನ್ನೇ ನೋಡಿ. ಗ್ರಾಫಿಕ್ಸ್ ಯಂತ್ರಗಳ ಬ್ಯಾಟರಿ ಕೆಲವೇ ಗಂಟೆ ಬರುತ್ತದೆಂಬುದೂ ತಿಳಿದಿರಲಿ. ಕರೆಂಟ್ ಹೋಗಿ ಬರುವ ನಮ್ಮ ಊರುಗಳಲ್ಲಿ ಒಳ್ಳೆಯ ಸ್ಪೈಕ್ ಗಾರ್ಡ್ ಇಲ್ಲದೆ ಚಾರ್ಜಿಗೆ ಹಾಕಬೇಡಿ. ಗುಡುಗು ಮಿಂಚು ಬಂದಾಗ ಪ್ಲಗ್ ತೆಗೆದುಬಿಡಿ.

ದುಡ್ಡು ಹೊಂದಿಸುವ ಬಗೆ

ನನ್ನ ಹಾಗೆ ಬಳೆ ಗಿರವಿ ಇಡುವುದು ಕೊನೆಯ ದಾರಿಯಾಗಿರಲಿ. ಬಡ್ಡಿ ಸೇರಿ ಲ್ಯಾಪ್‌ಟಾಪಿನ ಬೆಲೆ ಏರುತ್ತಾ ಹೋಗುತ್ತದೆ, ಲ್ಯಾಪ್‌ಟಾಪು ಮಾತ್ರ ಹಳೆಯದಾಗುತ್ತಾ ಹೋಗುತ್ತದೆ.

ಶಿಕ್ಷಣ ಸಾಲ ತೆಗೆಯುವವರಿದ್ದರೆ, ಕೋರ್ಸಿಗೆ ಅಗತ್ಯವಾದ ಕಂಪ್ಯೂಟರನ್ನೂ ಅದರೊಳಗೆ ಸೇರಿಸಲು ಬ್ಯಾಂಕುಗಳಲ್ಲಿ ಅವಕಾಶವಿದೆ. ಆದರೆ ಅರ್ಜಿ ಹಾಕುವಾಗಲೇ ಕೇಳಬೇಕು. ಕಾಲೇಜಿನ ಪತ್ರ ಮತ್ತು ಅಂಗಡಿಯ ಕೊಟೇಶನ್ ಇಟ್ಟುಕೊಂಡು ಹೋಗಿ. ನನಗೆ ಇದು ಗೊತ್ತಾದಾಗ ಸಾಲ ಆಗಲೇ ಮಂಜೂರಾಗಿ ಮುಗಿದಿತ್ತು.

‘ಬಡ್ಡಿಯಿಲ್ಲದ ಕಂತು’ ಎಂಬ ಬೋರ್ಡ್ ನೋಡಿ ಹಿಗ್ಗಬೇಡಿ. ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ, ಅಷ್ಟನ್ನು ಬೆಲೆಯಲ್ಲಿ ಮುರಿದುಕೊಟ್ಟಂತೆ ತೋರಿಸುತ್ತಾರೆ. ಆ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಸಂಸ್ಕರಣಾ ಶುಲ್ಕ ನಮ್ಮ ತಲೆಗೇ ಬರುತ್ತದೆ. ‘ಒಟ್ಟಿಗೇ ಕೊಟ್ಟರೆ ಎಷ್ಟಕ್ಕೆ ಕೊಡ್ತೀರಿ?’ ಎಂದು ಮೊದಲು ಕೇಳಿ. ಎರಡಕ್ಕೂ ವ್ಯತ್ಯಾಸವಿದ್ದರೆ ಅದೇ ನಿಜವಾದ ಬಡ್ಡಿ.

ತಂಗಿ ಮಾಡಿದ್ದು ಹೀಗೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಚಾಲನೆಯಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ ಎರಡು ಸಾವಿರವನ್ನು, ಕಂತು ತಡವಾದರೂ ಸರಿಯೇ, ಮುಟ್ಟದೆ ಬೇರೆ ಇಟ್ಟಿದ್ದಳು. ಹದಿನೆಂಟು ಕಂತು, 36 ಸಾವಿರ. ಚೀಟಿ ಎತ್ತಿದ್ದು 30 ಸಾವಿರ. ಮಾವನವರು ತಮ್ಮ ಉಳಿತಾಯದಿಂದ 16 ಸಾವಿರ ಕೊಟ್ಟರು. ‘ಮೊಮ್ಮಗಳ ಮಗ್ಗ ಇದು’ ಅಂದರಂತೆ. ಒಟ್ಟು 82 ಸಾವಿರಕ್ಕೆ ಬೇಕಾದ ಯಂತ್ರ ದಸರಾದಲ್ಲಿ ಸಿಕ್ಕಿತು.

ಪೂರ್ತಿ ದುಡ್ಡನ್ನು ಲ್ಯಾಪ್‌ಟಾಪಿಗೇ ಸುರಿಯಬೇಡಿ. ಮೌಸು, ಬ್ಯಾಗು, ಕೆಲಸದ ನಕಲು ಇಡಲು ಹೊರಗಿನ ಡಿಸ್ಕು, ಚಿತ್ರ ಬರೆಯುವವರಿಗೆ ಪೆನ್ ಟ್ಯಾಬ್ಲೆಟ್ಟು, ಇವಕ್ಕೂ ಸ್ವಲ್ಪ ಎತ್ತಿಡಿ.

ಅಂಗಡಿಗೆ ಮೂರು ಸಲ ಹೋಗಿ

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಸಾಮಾನ್ಯ ಸರ್ಕಾರಿ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ. ಮೈಸೂರಿಗೆ ಮೂರು ಸಲ ಹೋಗಲು ಏನು ತೊಂದರೆ? ಮೊದಲ ಸಲ ನೋಡಿ ಬನ್ನಿ, ಎರಡನೇ ಸಲ ಬೆಲೆ ಕೇಳಿ ಬನ್ನಿ, ಮೂರನೇ ಸಲ ಕೊಂಡು ತನ್ನಿ. ಮಗಳನ್ನು ಜೊತೆಗೇ ಕರೆದೊಯ್ಯಿರಿ. ಕೀಲಿಮಣೆ ಅವಳ ಕೈಗೆ ಒಗ್ಗಬೇಕು.

ಆನ್‌ಲೈನಿನಲ್ಲಿ ಕೊಂಡರೆ ಪೆಟ್ಟಿಗೆ ಒಡೆಯುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಮಾದರಿಯ ಸಂಖ್ಯೆಯನ್ನು ಅಕ್ಷರ ಅಕ್ಷರ ಹೋಲಿಸಿ. ಒಂದೇ ಹೆಸರಿನ ಯಂತ್ರ ಎರಡು ಬಗೆಯ ಪರದೆಯೊಂದಿಗೆ ಬರುವುದುಂಟು.

ವಾರಂಟಿಯ ವಿಷಯದಲ್ಲಿ ‘ಮನೆಗೇ ಬಂದು ರಿಪೇರಿ ಮಾಡ್ತೀವಿ’ ಎಂದರೆ ಸಾಲದು. ‘ನಮ್ಮ ಪಿನ್‌ಕೋಡಿಗೆ ಬರ್ತೀರಾ?’ ಎಂದು ಕೇಳಿ. ನಂಜನಗೂಡಿನವರಾದರೆ 571301, ತಿ. ನರಸೀಪುರದವರಾದರೆ 571124 ಎಂದು ಹೇಳಿ ಕಂಪನಿಯ ಸಹಾಯವಾಣಿಯಿಂದಲೇ ಖಚಿತ ಮಾಡಿಕೊಳ್ಳಿ. ನಾಲ್ಕು ವರ್ಷದ ಓದಿಗೆ ಒಂದು ವರ್ಷದ ವಾರಂಟಿ ಸಾಲದು, ಮೂರು ವರ್ಷಕ್ಕೆ ವಿಸ್ತರಿಸಲು ಎಷ್ಟಾಗುತ್ತದೆ ಕೇಳಿ. ಕಾಫಿ ಚೆಲ್ಲಿದರೆ, ಕೈಜಾರಿ ಬಿದ್ದರೆ ಕೊಡುವ ರಕ್ಷಣೆ ಬೇರೆ; ಅದು ವಾರಂಟಿಯಲ್ಲಿ ಸೇರಿರುವುದಿಲ್ಲ. ಜಿಎಸ್‌ಟಿ ಬಿಲ್ ಇಲ್ಲದೆ ‘ಸ್ವಲ್ಪ ಕಮ್ಮಿಗೆ ಕೊಡ್ತೀನಿ’ ಎಂದರೆ ಬೇಡ ಎನ್ನಿ. ಬಿಲ್ಲಿಲ್ಲದಿದ್ದರೆ ನಾಳೆ ಕೇಳುವವರಿಲ್ಲ.

ಸಾಫ್ಟ್‌ವೇರು ಮತ್ತು ನಮ್ಮ ಕನ್ನಡ

ಅಂಗಡಿಯವರು ‘ಎಲ್ಲಾ ಸಾಫ್ಟ್‌ವೇರ್ ಫ್ರೀಯಾಗಿ ಹಾಕ್ಕೊಡ್ತೀನಿ’ ಎಂದರೆ ಅದು ಕದ್ದ ಮಾಲು. ಅದರ ಜೊತೆಗೆ ವೈರಸ್ ಬರಬಹುದು, ವರ್ಷದ ಕೆಲಸ ಒಂದೇ ದಿನ ಹೋಗಬಹುದು. ನ್ಯಾಯವಾಗಿಯೇ ಉಚಿತ ಸಿಗುವುದು ಬೇಕಾದಷ್ಟಿದೆ. ಫಿಗ್ಮಾ ಮತ್ತು ಆಟೋಡೆಸ್ಕ್ ಕಂಪನಿಗಳು ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಡುತ್ತವೆ. ಬ್ಲೆಂಡರ್, ಕ್ರಿಟಾ, ಇಂಕ್‌ಸ್ಕೇಪ್, ಜಿಂಪ್ ಎಲ್ಲರಿಗೂ ಉಚಿತ. ಅಡೋಬಿಯದಕ್ಕೆ ವಿದ್ಯಾರ್ಥಿ ದರವಿದೆ.

ಇನ್ನೊಂದು ಮಾತು. ನಮ್ಮ ಊರಿನ ಡಿಟಿಪಿ ಅಂಗಡಿಗಳಲ್ಲಿ ಮದುವೆ ಕಾರ್ಡನ್ನು ಕೋರೆಲ್‌ಡ್ರಾದಲ್ಲಿ ನುಡಿಯ ಹಳೆಯ ಅಕ್ಷರಗಳಿಂದ ಮಾಡುತ್ತಾರೆ. ಮಕ್ಕಳು ಕಲಿಯಬೇಕಾದದ್ದು ಯೂನಿಕೋಡ್ ಅಕ್ಷರ. ಬಲೂ ತಮ್ಮ, ಅನೆಕ್ ಕನ್ನಡ, ನೋಟೋ ಮುಂತಾದ ಒಳ್ಳೆಯ ಕನ್ನಡ ಅಕ್ಷರಗಳು ಉಚಿತವಾಗಿವೆ. ಅಡೋಬಿ ಸಾಫ್ಟ್‌ವೇರಿನಲ್ಲಿ ಕನ್ನಡದ ಒತ್ತಕ್ಷರ ಒಡೆದು ಕಂಡರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ. ಭಾರತೀಯ ಭಾಷೆಗಳ ಆಯ್ಕೆಯನ್ನು ಒಳಗೆ ಒತ್ತಿದರೆ ಸರಿಹೋಗುತ್ತದೆ. ನನ್ನ ಮಗಳು ಇದು ತಿಳಿಯದೆ ಒಂದು ಇಡೀ ಭಾನುವಾರ ಅತ್ತಿದ್ದಾಳೆ.

ಈ ಚೀಟಿ ಕತ್ತರಿಸಿಟ್ಟುಕೊಳ್ಳಿ

ಕಾಲೇಜಿನ ಸಾಫ್ಟ್‌ವೇರ್ ಪಟ್ಟಿ ಕೈಯಲ್ಲಿರಲಿ.

ಪ್ರೊಸೆಸರ್: ಐ5, ಕೋರ್ ಅಲ್ಟ್ರಾ 5 ಅಥವಾ ರೈಜೆನ್ 5, ಹೊಸ ತಲೆಮಾರು.

ರ‍್ಯಾಮ್: 16 ಜಿಬಿ. ಹೆಚ್ಚಿಸಬಹುದೇ ಕೇಳಿ.

ಎಸ್‌ಎಸ್‌ಡಿ: 512 ಜಿಬಿ ಅಥವಾ ಹೆಚ್ಚು.

ಪರದೆ: ನೂರು ಶೇಕಡಾ ಎಸ್‌ಆರ್‌ಜಿಬಿ, 300 ನಿಟ್ಸ್.

ಗ್ರಾಫಿಕ್ಸ್ ಕಾರ್ಡ್: ತ್ರೀಡಿ, ಅನಿಮೇಷನ್ ಓದುವವರಿಗೆ ಮಾತ್ರ.

ತೂಕ: ಚಾರ್ಜರ್ ಸೇರಿಸಿ ಕೈಯಲ್ಲಿ ಎತ್ತಿ ನೋಡಿ.

ವಾರಂಟಿ: ನಮ್ಮ ಪಿನ್‌ಕೋಡ್ ಹೇಳಿ ಕೇಳಿ.

ಬಿಲ್: ಬೇಕೇ ಬೇಕು.

ಮೊನ್ನೆ ನರಸೀಪುರಕ್ಕೆ ಹೋಗಿದ್ದೆ. ಹುಡುಗಿ ನಡುಮನೆಯಲ್ಲಿ ಕುಳಿತು ಸೋಮನಾಥಪುರದ ದೇವಸ್ಥಾನದ ಜಗಲಿಯನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದಳು. 1258ರ ಹೊಯ್ಸಳರ ಗುಡಿ, ತಿ. ನರಸೀಪುರ ತಾಲ್ಲೂಕಿನದೇ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತಲ್ಲ, ಅದೇ. ನಕ್ಷತ್ರದ ಮೂಲೆ ಮೂಲೆಯನ್ನೂ ತಿರುಗಿಸಿ ತೋರಿಸುತ್ತಾ, ‘ದೊಡ್ಡಮ್ಮ, ಒಂದು ಸಲವೂ ನಿಲ್ಲಲಿಲ್ಲ ನೋಡಿ’ ಅಂದಳು. ಅವಳ ತಾತ ಕನ್ನಡಕ ಹಾಕಿಕೊಂಡು ಹತ್ತಿರ ಬಂದು, ‘ಇನ್ನೊಂದು ಸಲ ತಿರುಗಿಸಮ್ಮ’ ಅಂದರು.

ನನ್ನ ಮಗಳು ಕಾಲೇಜು ಬಿಡಲಿಲ್ಲ. ಈಗ ಮೂರನೇ ವರ್ಷ. ರಸಬಾಳೆಯ ಪೋಸ್ಟರನ್ನು ಮತ್ತೆ ಮಾಡಿದಳು, ಈ ಸಲ ಹಳದಿ ಹಳದಿಯಾಗಿಯೇ ಬಂತು. ಯಜಮಾನರು ಅದಕ್ಕೆ ತಾವೇ ಹೋಗಿ ಚೌಕಟ್ಟು ಹಾಕಿಸಿ ಹಾಲಿನಲ್ಲಿ ನೇತುಹಾಕಿದ್ದಾರೆ. ಬಾಯಿ ಬಿಟ್ಟು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬಳೆ ಇನ್ನೂ ಗಿರವಿಯಲ್ಲೇ ಇದೆ. ಯುಗಾದಿಯೊಳಗೆ ಬಿಡಿಸಬೇಕು. ನಿಮ್ಮ ಬಳೆ ನಿಮ್ಮ ಕೈಯಲ್ಲೇ ಇರಲಿ, ಸೋದರಿ. ಅಂಗಡಿಗೆ ಹೋಗುವಾಗ ಆ ಕೈಯಲ್ಲಿ ಈ ಚೀಟಿಯೂ ಇರಲಿ.